ಮೂಲೆಯಿಂದ ಮೂಲೆಗೆ

ವರ್ಕುತಾದಿಂದ ಬಂದ ಲಕೋಟೆಯೊಳಗೆ
ಕಾಗದಕ್ಕಿಂತ ದಾರವೇ ಹೆಚ್ಚು.
ಬಿಳಿ ದಾರ, ಎರಡೂ ತುದಿಗೆ ಗಂಟು,
ಗಂಟಿನಿಂದ ಗಂಟಿಗೆ ಒಬ್ಬ ಮುದುಕಿಯ ಬೆನ್ನು.

"ಅಮ್ಮ ಶಾಲು ತೆಗೆಯಗೊಡಳು,"
ಎಂದು ಬರೆದಿದ್ದಳು ರಾಮ್ಜಿಯಾ,
"ಮಲಗಿದಾಗಲೂ ಹೊದ್ದೇ ಇರುತ್ತಾಳೆ,
ಕರ್ಣಕ್ಕೆ ಮಡಿಸಿ, ಮುಕ್ಕೋನ ಮಾಡಿ.
ಹಿಂದೆ ನಿಂತು ನನ್ನ ಕೈಗೆ ಸಿಕ್ಕಿದ್ದು
ಮಡಿಕೆಯ ಅಂಚೊಂದೇ. ಅದನ್ನೇ ಅಳೆದೆ.
ನುಸಿ ತಿಂದು ಜರಡಿಯಾಗಿದೆ. ಅಂಥದ್ದೇ ಇನ್ನೊಂದು
ಹೆಣೆದುಕೊಡಿ. ಅವಳಿಗೆ ಗೊತ್ತಾಗದಂತೆ ಬದಲಿಸುತ್ತೇನೆ."

ನಮ್ಮ ಎಬಿ ಗುಲ್‌ಜಿಹಾನ್
ಮೇಕೆಯ ತುಪ್ಪಳವನ್ನು ಹೊಗೆಯಷ್ಟು ತೆಳ್ಳಗೆ ನೂಲುವವಳು.
ಶಾಲಿಗೆ ಸುತ್ತ ಹಲ್ಲುಹಲ್ಲಿನ ಅಂಚು.
ಮೊದಲು ಹುಟ್ಟುವುದು ಅಂಚು, ಆಮೇಲೆ ಹೊಟ್ಟೆ.
ಹಲ್ಲೆಷ್ಟು ಎಂದು ತಿಳಿಯದೆ
ಮೊದಲ ಕುಣಿಕೆ ಹಾಕುವಂತಿಲ್ಲ.

ನಾನು ಆ ವರ್ಷ ಎಂಟನೇ ತರಗತಿ.
ಎದೆಯಲ್ಲಿ ಹೊಸ ಪ್ರಮೇಯ, ಕಿಸೆಯಲ್ಲಿ ಮಾವನ ಕ್ಯಾಲ್ಕುಲೇಟರು.
"ಎಬಿ, ಇದು ಸುಲಭ," ಅಂದೆ,
"ದಾರ ನೂರ ಎಪ್ಪತ್ತು ಸೆಂಟಿಮೀಟರು.
ಎರಡರ ವರ್ಗಮೂಲದಿಂದ ಗುಣಿಸು,
ಬಂದದ್ದನ್ನು ಇಮ್ಮಡಿಸು, ನಾಲ್ಕೂ ಬದಿ ಸೇರಿ ಅಷ್ಟೇ."
ಅವಳು ನನ್ನನ್ನು ನೋಡಲೂ ಇಲ್ಲ.
"ಮೊಳೆ ತಾ," ಅಂದಳು. "ನಾಲ್ಕು."

ಒಲೆಯ ಮುಂದಿನ ಹಲಗೆಯ ನೆಲದಲ್ಲಿ
ದಾರವನ್ನು ಉದ್ದಕ್ಕೆ ಹಾಸಿದಳು.
ಅಷ್ಟೇ ಉದ್ದದ ಇನ್ನೊಂದನ್ನು ಕತ್ತರಿಸಿ
ಎರಡನ್ನೂ ಅರ್ಧಕ್ಕೆ ಮಡಿಸಿ ನಡು ಗುರುತಿಸಿ
ನಡುವಿನ ಮೇಲೆ ನಡು, ಅಡ್ಡ ಇಟ್ಟಳು.
ಆಮೇಲೆ ಅಂಬೆಗಾಲಿಕ್ಕಿ, ಉಸ್ಸೆನ್ನುತ್ತ,
ಆ ತುದಿ ಈಚೆ, ಈ ತುದಿ ಆಚೆ,
ಪಕ್ಕದ ತುದಿಗಳ ನಡುವೆ ನಾಲ್ಕೂ ಕಡೆ
ಅಂತರ ಒಂದೇ ಆಗುವ ತನಕ ಸರಿಸಿದಳು.
ಮೊಳೆ ಬಡಿದದ್ದು ನಾನು.
ಸುತ್ತ ನೂಲು ಎಳೆದದ್ದು ಅವಳು.
ಒಂದು ಮೊಳೆಯಿಂದ ಹೊರಟು ಅದೇ ಮೊಳೆಗೆ
ನೂಲು ಮರಳಿ ಬಂತು.

"ಈಗ ನಿನ್ನ ಯಂತ್ರ ಏನನ್ನುತ್ತದೆ, ಇಲ್ದಾರ್?"
"ನಾನೂರ ಎಂಬತ್ತು, ಚುಕ್ಕಿ,
ಎಂಟು, ಮೂರು, ಎರಡು, ಆರು, ಒಂದು, ಒಂದು..."
"ಸಾಕು."
"ಇಲ್ಲ ಎಬಿ, ಇದು ಸಾಕಾಗುವ ಸಂಖ್ಯೆಯಲ್ಲ.
ಪರದೆ ಮುಗಿಯುತ್ತದೆ, ಇದು ಮುಗಿಯುವುದಿಲ್ಲ."
ಅವಳು ಮೊಳೆಗಳತ್ತ ಬೆರಳು ಮಾಡಿದಳು:
ಅಲ್ಲಿ ನೂಲು ಮುಗಿದು
ಬೆಕ್ಕಿನ ಬಾಲದಂತೆ ತುಸು ಉಳಿದೂ ಇತ್ತು.

ಹಲ್ಲೊಂದಕ್ಕೆ ನಾಲ್ಕು ಸೆಂಟಿಮೀಟರು.
ನೂರ ಇಪ್ಪತ್ತು ಹಲ್ಲು.
ಮಿಕ್ಕದ್ದು ಒಂದು ಸೆಂಟಿಮೀಟರಿಗೂ ಕಡಿಮೆ.
"ಅದನ್ನೇನು ಮಾಡುತ್ತೀ?"
"ಒದ್ದೆ ಮಾಡಿ ಚೌಕಟ್ಟಿಗೆ ಬಿಗಿದರೆ
ಅದಕ್ಕೂ ಜಾಗ ಸಿಗುತ್ತದೆ. ನೀರಿಗೆ ಗೊತ್ತು."

ಚಳಿಗಾಲವೆಲ್ಲ ಹೆಣೆದಳು.
ಸಕ್ಮಾರಾ ನದಿಯ ಮಂಜುಗಡ್ಡೆ ಒಡೆಯುವ ವಾರ
ಶಾಲನ್ನು ಅವಳ ಉಂಗುರದೊಳಗಿಂದ ಎಳೆದೆವು,
ಹಾಲು ಸೋಸಿದಷ್ಟು ಸಲೀಸಾಗಿ ಜಾರಿತು.
ಅಂಚೆಗೆ ಹಾಕಿ ಬಂದು
ಅವಳು ಎರಡು ದಿನ ಮಲಗಿಬಿಟ್ಟಳು.

ಜೂನಿನಲ್ಲಿ ಮತ್ತೆ ವರ್ಕುತಾ.
ಈ ಸಲ ದಾರವಿಲ್ಲ, ಒಂದೇ ಹಾಳೆ.
"ನಿದ್ದೆಯಲ್ಲಿದ್ದಾಗ ಬದಲಿಸಿದೆ. ಬೆಳಿಗ್ಗೆ ಎದ್ದವಳು
ಕತ್ತಲಲ್ಲೇ ಅಂಚು ಹಿಡಿದು ಸುತ್ತ ತಡವಿದಳು,
ತಸ್ಬೀಹಿನ ಮಣಿ ಎಣಿಸಿದ ಹಾಗೆ.
'ಯಾರದಿದು?' ಅಂದಳು. 'ನನ್ನದರಲ್ಲಿ
ನೂರ ಇಪ್ಪತ್ತೊಂದು ಹಲ್ಲು.'
ಈಗ ಎರಡನ್ನೂ ಹೊದ್ದು ಕೂತಿದ್ದಾಳೆ,
ಹೊಸದು ಒಳಗೆ, ಹಳೆಯದು ಮೇಲೆ."

ಎಬಿ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು.
ಮೊಳೆ ಕಿತ್ತ ತೂತುಗಳು ಇನ್ನೂ ನೆಲದಲ್ಲಿದ್ದವು,
ಒಂದರಲ್ಲಿ ಹಿಟ್ಟು ತುಂಬಿತ್ತು.
ಬಹಳ ಹೊತ್ತು ಅದನ್ನೇ ನೋಡಿದಳು.

"ಆ ಯಂತ್ರ ತಾ," ಅಂದಳು.
"ಎಷ್ಟಂದೆ ಅವತ್ತು,
ಚುಕ್ಕಿಯಿಂದ ಆಚೆಗೆ?"