ಜೀಪು ಸ್ವಲ್ಪ ಹಿಂದಕ್ಕೆ

ಎಲ್ಲರೂ ಮೊದಲು ಹೇಳುವ ಮಾತು ಇದೇ:
ತಿಲೆವ್, ಜೀಪು ಸ್ವಲ್ಪ ಹಿಂದಕ್ಕೆ.
ಆಮೇಲೆ, ಇನ್ನೂ ಸ್ವಲ್ಪ.
ಮರಳ ಮೇಲೆ ನನ್ನ ಚಕ್ರದ ಗುರುತು ಅವರಿಗೆ ಆಗದು,
ನನ್ನ ಹೆಜ್ಜೆಯೂ ಆಗದು.
ಹಡಗು ಒಂಟಿಯಾಗಿರಬೇಕು, ಆಕಾಶ ದೊಡ್ಡದಿರಬೇಕು,
ಹಸುವೊಂದು ಅಡ್ಡ ಬಂದರೆ ಅವರ ಪುಣ್ಯ.

ಹದಿನಾರು ವರ್ಷದಿಂದ, ಮೊಯ್ನಾಕಿಗೆ ಬಂದವರನ್ನು
ದಿಬ್ಬ ಇಳಿಸಿ ಹಡಗುಗಳ ಹತ್ತಿರ ಬಿಡುವ ಕೆಲಸ ನನ್ನದು.
ಇಲ್ಲಿ ಕಡಲಿತ್ತು ಅಂತ ಹೇಳುವ ಕೆಲಸವೂ ನನ್ನದೇ.
ಹೇಳಿ ಹೇಳಿ ಆ ಮಾತು
ಹಳೇ ನೋಟಿನ ಹಾಗೆ ಮೆತ್ತಗಾಗಿದೆ.
ಯಾವ ಹಡಗಿಗೆ ಯಾವ ಹೊತ್ತಿನ ಬೆಳಕು, ಬಲ್ಲೆ:
ಎಡಗಡೆಯದಕ್ಕೆ ಬೆಳಗಿನ ಆರೂವರೆ,
ಹೊಟ್ಟೆ ಹರಿದದ್ದಕ್ಕೆ ಸಂಜೆ.
ಜರ್ಮನಿಯವನೊಬ್ಬ ತುಕ್ಕಿನ ಮೇಲೆ ನೀರು ಚಿಮುಕಿಸಿದ,
ಬಣ್ಣ ಏಳಲಿ ಅಂತ.
ಕುಡಿಯುವ ನೀರು. ನನ್ನ ಕ್ಯಾನಿನದು.
ನಾನು ಏನೂ ಅನ್ನಲಿಲ್ಲ, ಡಾಲರು ಕೊಟ್ಟಿದ್ದ.

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬಾರದು.
ಒಬ್ಬ ಮುದುಕ, ಹೆಸರು ಮರೆತೆ, ಪೋಲೆಂಡಿನವನು,
ಇಡೀ ದಿನ ಉಪ್ಪಿನ ಗಾಳಿಯಲ್ಲಿ ಕೂತು
ಒಂದೂ ಚಿತ್ರ ತೆಗೆಯದೆ ಎದ್ದ.
ಕೇಳಿದರೆ, ಎಲ್ಲಾ ಆಗಲೇ ತೆಗೆದುಬಿಟ್ಟಿದ್ದಾರೆ, ಅಂದ.
ಪೆಟ್ರೋಲಿನ ದುಡ್ಡು ಮಾತ್ರ ಪೂರ್ತಿ ಎಣಿಸಿದ.

ಹೋದ ವರ್ಷ ಬಂದವಳು ದರೇಜಾನ್, ಟ್ಬಿಲಿಸಿಯವಳು.
ಚಿಕ್ಕ ಕ್ಯಾಮೆರಾ, ಒಂದೇ ಲೆನ್ಸು, ಮೊಣಕಾಲು ಸವೆದ ಪ್ಯಾಂಟು.
ಹಡಗಿಗೆ ಬೆನ್ನು ಹಾಕಿ, ಊರ ಕಡೆ ನೋಡಿ ಕೇಳಿದಳು:
ಹಿಡಿದು ತಂದ ಮೀನನ್ನು
ಡಬ್ಬಿಗೆ ತುಂಬುತ್ತಿದ್ದವರು ಯಾರು?

ಯಾರು ಅಂದರೆ!
ನನ್ನ ಅತ್ತೆ, ಬೀಬಿಸಾರ. ಇಪ್ಪತ್ತೆರಡು ವರ್ಷ ಮುಚ್ಚಳದ ಯಂತ್ರ.
ಕಡಲು ಹೋದ ಮೇಲೂ ಮೀನು ಬರುತ್ತಿತ್ತು,
ದೂರದಿಂದ, ರೈಲಿನಲ್ಲಿ, ಹೆಪ್ಪುಗಟ್ಟಿ, ಕಲ್ಲಿನಂತೆ,
ಹೆಸರು ಗೊತ್ತಿಲ್ಲದ ನೀರಿನದು.
ಆಮೇಲೆ ಅದೂ ನಿಂತಿತು. ಯಂತ್ರ ಗುಜರಿಗೆ ಹೋಯಿತು.

ಮೂರು ದಿನ ಆ ಹುಡುಗಿ ನಮ್ಮನೆಯಲ್ಲಿ ಚಹಾ ಕುಡಿದಳು.
ಹಿಟ್ಟು ನಾದಿದಳು, ಕೆಟ್ಟದಾಗಿ. ಅತ್ತೆ ಬೈದರು.
ಕ್ಯಾಮೆರಾ ಚೀಲದಲ್ಲೇ ಇತ್ತು.
ನಾಲ್ಕನೇ ದಿನ ಅತ್ತೆ ತಾವಾಗಿ ಎದ್ದು
ಹಸಿರು ತಲೆವಸ್ತ್ರ ಬಿಗಿದು, ಕಾರ್ಖಾನೆಗೆ ನಡಿ, ಅಂದರು.

ಚಾವಣಿ ಅರ್ಧ. ನೆಲದ ತುಂಬ ಗಾಜು, ಪಾರಿವಾಳದ ಹಿಕ್ಕೆ.
ಸಿಮೆಂಟಿನಿಂದ ನಾಲ್ಕು ಬೋಲ್ಟು ಎದ್ದು ನಿಂತ ಕಡೆ
ಅತ್ತೆ ನಿಂತರು. ಅಳೆದ ಹಾಗೆ ಅರ್ಧ ಹೆಜ್ಜೆ ಸರಿದರು.
ಎಡಗೈ ಡಬ್ಬಿ ಹಿಡಿಯಿತು, ಬಲಗೈ ಮುಚ್ಚಳ ಇಟ್ಟಿತು,
ಪಾದ ಪೆಡಲು ಒತ್ತಿತು.
ಇಲ್ಲದ ಡಬ್ಬಿ. ಇಲ್ಲದ ಪೆಡಲು.
ಮತ್ತೆ.
ಮತ್ತೆ.
ನಿಮಿಷಕ್ಕೆ ಹನ್ನೊಂದು, ಅಂದರು, ಮೊದಮೊದಲು ಒಂಬತ್ತು.
ಆಗ ಕೇಳಿಸಿತು ಕ್ಯಾಮೆರಾದ ಸದ್ದು, ಒಂದೇ ಸಲ,
ಅತ್ತೆಯ ಲಯಕ್ಕೆ ಸರಿಯಾಗಿ,
ಹನ್ನೆರಡನೆಯ ಮುಚ್ಚಳ ಕೂತ ಹಾಗೆ.

ಈ ವಸಂತದಲ್ಲಿ ನುಕುಸ್‌ನಲ್ಲಿ ಪ್ರದರ್ಶನ.
ಏಳು ಜನ ಜೀಪಿನಲ್ಲಿ ತುರುಕಿಕೊಂಡು ಹೋದೆವು.
ಗೋಡೆಯ ಮೇಲೆ ಆಳೆತ್ತರ ಅತ್ತೆ.
ಅವಳ ಕೈಯಲ್ಲಿ ಏನಿದೆ, ಅಂತ ಮಗುವೊಂದು ಕೇಳುತ್ತಿತ್ತು,
ತಾಯಿಗೆ ಉತ್ತರ ಹೊಳೆಯಲಿಲ್ಲ.
ಕೆಳಗೆ ಚೀಟಿ: ಬೀಬಿಸಾರ, ಕಾರ್ಖಾನೆಯ ಮಾಜಿ ಕೆಲಸಗಾರ್ತಿ.
ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದರು.
ಮಾಜಿ ಯಾಕೆ? ಬಿಟ್ಟು ಹೋದದ್ದು ಅದು, ನಾನಲ್ಲ.
ಪೆನ್ನು ಕೊಡು.
ದರೇಜಾನ್ ಮುಚ್ಚಳ ತೆಗೆದೇ ಕೊಟ್ಟಳು.
ಕಾವಲಿನವನು ಬರುವಷ್ಟರಲ್ಲಿ ಗೆರೆ ಬಿದ್ದಾಗಿತ್ತು.

ನಾನು ಚಿತ್ರದ ಮೂಲೆ ನೋಡುತ್ತಿದ್ದೆ.
ಒಡೆದ ಕಿಟಕಿಯಾಚೆ, ಹಾಲುಹಲ್ಲಿನಷ್ಟು ಬಿಳಿ,
ನನ್ನ ಜೀಪಿನ ಮೂತಿ.
ಆ ದಿನ ಯಾರೂ ಸರಿಸು ಅಂದಿರಲಿಲ್ಲ.
ಅತ್ತೆ ಅದನ್ನೂ ಕಂಡರು, ಹತ್ತಿರ ಹೋಗಿ ಬೆರಳಿಟ್ಟರು:
ಸೊಟ್ಟ ನಿಲ್ಲಿಸಿದ್ದೀಯಲ್ಲೋ,
ಎಲ್ಲರೂ ನೋಡ್ತಾರೆ.