ಒಳಗೆ ಬಿಟ್ಟ ಬಟ್ಟೆ

ಅರಸೀಕೆರೆ ಸ್ಟೇಷನ್ ರಸ್ತೆಯ ನನ್ನ ಅಂಗಡಿಗೆ ಬೋರ್ಡಿಲ್ಲ.
ಇತ್ತು. ರಸ್ತೆ ಅಗಲ ಮಾಡುವಾಗ ಹೋಯಿತು.
ಹೆಂಗಸರೇನೂ ದಾರಿ ತಪ್ಪಲಿಲ್ಲ.

ಮುಖಗಳು ನನಗೆ ನೆನಪಿರುವುದಿಲ್ಲ.
ಅಪ್ಪ ಕಲಿಸಿದ್ದೇ ಹಾಗೆ:
ಕಣ್ಣು ಟೇಪಿನ ಮೇಲಿರಲಿ ಪಾಂಡು,
ಟೇಪಿನ ಆಚೆ ಹೋಗದಿರಲಿ.
ಅದಕ್ಕೇ ಈ ಉದ್ದ ಪುಸ್ತಕ,
ಕೊಬ್ಬರಿ ಮಂಡಿಯವರ ಲೆಕ್ಕದ ಪುಸ್ತಕದಂಥದ್ದು.
ಎದೆ, ಸೊಂಟ, ತೋಳು, ಕತ್ತಿನ ಆಳ.
ಪೆನ್ಸಿಲ್ಲಿನಲ್ಲೇ ಬರೆಯುತ್ತೇನೆ.

ಎಂಬತ್ತಮೂರರ ಜೂನ್.
ಹುಡುಗಿಯರ ಹೈಸ್ಕೂಲಿನ ನೀಲಿ ಯೂನಿಫಾರಂ.
ಒಂದೇ ಪುಟದಲ್ಲಿ ಮೂವರು:
ವೇದಾವತಿ, ಸೊಂಟ ಇಪ್ಪತ್ನಾಲ್ಕು.
ತಾಹೇರಾ, ಅದೇ.
ಸರ್ವಮಂಗಳೆ, ಅದೇ.
ಆಗ ನನಗೂ ಹತ್ತೊಂಬತ್ತು,
ಅಂಕಿ ಬರೆಯಲೂ ಸೋಮಾರಿತನ.

ಆಮೇಲೆ ಯಾವ ಪುಟದಲ್ಲೂ ಆ ಪದ ಬರಲಿಲ್ಲ.

ಮೊನ್ನೆ ಮೂವರೂ ಒಟ್ಟಿಗೆ ಬಂದರು.
ಕ್ಲಾಸಿನವರೆಲ್ಲ ಬಿ.ಎಚ್. ರಸ್ತೆಯ ಛತ್ರದಲ್ಲಿ ಸೇರುತ್ತಾರಂತೆ,
ಎಲ್ಲರಿಗೂ ಒಂದೇ ಬಣ್ಣದ ಸೀರೆ.
‘ಮೂರೂ ಒಂದೇ ಥರ ಹೊಲ್ದು ಕೊಡಣ್ಣ, ಆವತ್ತಿನ ಹಂಗೆ.’

ವೇದಾವತಿಗೆ ಮೂವತ್ತೆರಡಕ್ಕೇ ತಲೆ ಬೆಳ್ಳಗಾಯಿತು.
ತಿಪಟೂರು ಬಸ್ಸಿನಲ್ಲಿ ಹುಡುಗರು ಎದ್ದು ಸೀಟು ಬಿಡುತ್ತಿದ್ದರು,
ಇವಳು ಹಟ ಹಿಡಿದು ನಿಂತೇ ಹೋಗುತ್ತಿದ್ದಳು.
ಅಷ್ಟು ಅವಸರದಲ್ಲಿ ಬಂದ ಮುಪ್ಪು
ಬಂದ ಕೆಲಸ ಮುಗಿಯಿತೆಂಬಂತೆ ಎದ್ದು ಹೋಗಿದೆ.
ಇಪ್ಪತ್ತೈದು ವರ್ಷದಿಂದ ಅದೇ ಮುಖ.
ಅವಳು ಮೊದಲೇ ಬಂದು ಟವೆಲ್ಲು ಹಾಕಿಟ್ಟ ಜಾಗಕ್ಕೆ
ಓರಗೆಯವರು ಈಗ ಒಬ್ಬೊಬ್ಬರೇ ಬಂದು ಕೂರುತ್ತಿದ್ದಾರೆ.

ತಾಹೇರಾಳನ್ನು ಮಗಳ ಅಕ್ಕನಾ ಎಂದು ಕೇಳುತ್ತಾರೆ ಇನ್ನೂ.
ಸೊಂಟ ಇಪ್ಪತ್ತಾರು. ಕೆನ್ನೆ ಮೇಲೆ ಒಂದು ಗೆರೆಯಿಲ್ಲ.
‘ಏನು ತಿಂತೀಯೇ?’ ಎಂದಳು ವೇದಾವತಿ.
ಅವಳು ನಗಲಿಲ್ಲ.
‘ಗಂಡ ಹೋದ. ಅಂಗಡಿ ಹೋಯ್ತು. ದೊಡ್ಡ ಮಗ ಮಾತಾಡ್ಸಲ್ಲ.
ಕಷ್ಟ ಹೇಳ್ಕೊಂಡ್ರೆ ಜನ ಮುಖ ನೋಡ್ತಾರೆ,
ನಂಬಲ್ಲ.
ಒಂದು ಗೆರೆನಾದ್ರೂ ಬೀಳಬಾರದಿತ್ತಾ, ಸಾಕ್ಷಿಗೆ?’

ಕತ್ತರಿಯನ್ನು ಇಟ್ಟ ಕಡೆಯಿಂದ ತೆಗೆದು
ಮತ್ತೆ ಅಲ್ಲೇ ಇಟ್ಟೆ.

ಸರ್ವಮಂಗಳೆ ತುಂಬಿಕೊಂಡಿದ್ದಾಳೆ, ಮಾತಿಗೊಂದು ನಗು.
ತಲೆ ತುಂಬ ಗುಂಗುರು ಗುಂಗುರು ಹೊಸ ಕೂದಲು,
ಮೊದಲು ಎಣ್ಣೆ ಹಚ್ಚಿದರೆ ನೀರಿನಂತೆ ಇಳಿಯುತ್ತಿತ್ತು.
ಯಾವ ಪಾರ್ಲರೇ, ನಮಗೂ ಹೇಳೇ ಎಂದರು ಇವರು.
‘ಹಾಸನದ್ದು,’ ಎಂದಳು, ‘ತುಂಬ ದುಬಾರಿ.’
ಅವರಿಬ್ಬರೂ ಹೂವು ತರಲು ಹೊರಗೆ ಹೋದ ಮೇಲೆ
ಸೆರಗು ಬಿಗಿ ಹಿಡಿದು ಗೋಡೆ ಕಡೆ ತಿರುಗಿ ಹೇಳಿದಳು:
‘ಪಾಂಡಣ್ಣ, ಎಡಗಡೆಗೆ ಒಳಗಿಂದ ಹತ್ತಿ ಇಟ್ಟು ಹೊಲಿ.
ಇವರಿಗೆ ಗೊತ್ತಾಗ್ಬಾರ್ದು.’

ಟೇಪು ಹಿಡಿದೆ. ಅಂಕಿ ಬರೆಯಲಿಲ್ಲ.
ಪುಸ್ತಕದಲ್ಲಿ ಅಲ್ಲೊಂದು ಚುಕ್ಕಿ ಇದೆ,
ನನಗೆ ಮಾತ್ರ ತಿಳಿಯುವಂತೆ.

ನನ್ನ ಅಳತೆ ಈ ಪುಸ್ತಕದಲ್ಲಿಲ್ಲ.
ಸೂಜಿಗೆ ದಾರ ಪೋಣಿಸಲು
ಪಕ್ಕದ ಮೊಬೈಲ್ ಅಂಗಡಿಯ ಹುಡುಗನನ್ನು ಕೂಗುತ್ತೇನೆ,
ಅಷ್ಟೆ. ತಾತ ಎನ್ನುತ್ತಾನೆ.
ನನಗಿಂತ ನಾಲ್ಕು ವರ್ಷ ದೊಡ್ಡವನು ನಮ್ಮಣ್ಣ,
ಅವನನ್ನು ಅಂಕಲ್ ಎನ್ನುತ್ತಾನೆ.

ರಾತ್ರಿ ಮೂರನ್ನೂ ಕತ್ತರಿಸಿದೆ.
ಅಳತೆಗೆ ಸರಿಯಾಗಿ ಯಾರೂ ಕತ್ತರಿಸುವುದಿಲ್ಲ,
ಪಕ್ಕದ ಹೊಲಿಗೆಯಲ್ಲಿ ಬಟ್ಟೆ ಬಿಡಬೇಕು,
ಮೈ ಏನು ಮಾಡುತ್ತದೋ ಬಲ್ಲವರಾರು.
ತೆಳ್ಳಗಿದ್ದವರಿಗೂ ಬಿಡಬೇಕು.
ಇಷ್ಟು ದಿನ ಒಂದೇ ಥರ ಇದ್ದೀನಲ್ಲ ಎಂದವರಿಗೂ.
ವೇದಾವತಿ ಎಂದು ಬರೆದು ಎದುರಿಗೆ,
ಒಳಗೆ ಬಿಟ್ಟದ್ದು ಒಂದೂವರೆ ಇಂಚು.
ತಾಹೇರಾ, ಅದೇ.
ಸರ್ವಮಂಗಳೆ, ಅದೇ.

ಶನಿವಾರ ಕೊಟ್ಟೆ.
ಭಾನುವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ
ತಾಹೇರಾ ನಿಂತಿದ್ದಳು, ಕವರು ಹಿಡಿದು.
ತೋಳು ಬಿಗಿಯಾಗಿದೆಯಂತೆ.
ನೋಡು, ದಪ್ಪ ಆಗಿದ್ದೀನಿ ಎಂದಳು, ಹಿಗ್ಗಿನಿಂದ.
ಬಿಚ್ಚುತ್ತಾ ಕೂತಿದ್ದೇನೆ.