ನಾಲ್ಕು ದಶಾಂಶದ ತಕ್ಕಡಿ

ಶನಿವಾರ. ಲ್ಯಾಬಿನಲ್ಲಿ ನಾನೊಬ್ಬಳೇ,
ಜೊತೆಗೆ ಫ್ರಿಜ್ಜುಗಳ ಗುಂಯ್.
ಬಿಲ್ಲಿಂಗ್‌ಹ್ಯಾಮಿನ ಮೂವತ್ತು ಮನೆಗಳ ನಲ್ಲಿನೀರು
ಬಾಟಲಿಗಳಲ್ಲಿ ಸಾಲಾಗಿ ನಿಂತಿದೆ,
ಪ್ರತಿ ಕೊರಳಿಗೂ ಒಂದು ಚೀಟಿ.

ಬ್ರಯನಿ ಬಂದಳು. ಪಕ್ಕದ ಬೀದಿಯ ಹೆಸ್ಲಪ್ ಮನೆಯ ಹುಡುಗಿ,
ಹದಿನೇಳು, ಕೂದಲಿಗೆ ಚಿಪ್ಸ್ ಅಂಗಡಿಯ ವಿನೆಗರ್ ವಾಸನೆ.
ಸ್ಟೂಲಿನ ಮೇಲೆ ಕೂತವಳೇ ಕೇಳಿದಳು:
"ಕೆಮಿಸ್ಟ್ರಿ ಓದಿದರೆ ಗಿಟ್ಟುತ್ತಾ?"

ಗಿಟ್ಟುತ್ತಾ.
ಮೀನು ತೂಗಿ ಕೊಡುವವಳ ಮಾತು.
ನನ್ನನ್ನು ಯಾರೂ ಇಷ್ಟು ನೇರ ಕೇಳಿರಲಿಲ್ಲ.
ಹದಿನೆಂಟರಲ್ಲಿ ನಾನೂ ಕೇಳಿಕೊಳ್ಳಲಿಲ್ಲ;
ಬ್ಯುರೆಟ್ಟಿನಿಂದ ಒಂದೇ ಹನಿ ಜಾರಿ
ಇಡೀ ಫ್ಲಾಸ್ಕು ಗುಲಾಬಿಯಾದದ್ದು ಕಂಡು
ತೋರಿಸಿದಲ್ಲೆಲ್ಲ ಸಹಿ ಹಾಕಿದೆ.

ಅದನ್ನೂ ಹೇಳಿದೆ, ಲೆಕ್ಕವನ್ನೂ ಹೇಳಿದೆ:
ಪಡೆದದ್ದು ನಲವತ್ತೇಳು ಸಾವಿರ ಪೌಂಡು,
ಹತ್ತು ವರ್ಷ ಕಟ್ಟಿದ ಮೇಲೆ ಉಳಿದದ್ದು
ಐವತ್ತೆಂಟು.
ಬೆರಳು ಮಡಿಸಿದಳು, ಬಿಡಿಸಿದಳು.
"ಕಳೆಯೋ ಲೆಕ್ಕ ಕೂಡ್ತಾ ಇದೆಯಲ್ಲ?"

ಹೌದು. ತಿಂಗಳಿಗೆ ಸಂಬಳದಿಂದ ಹೋಗುವುದು ಇಪ್ಪತ್ತನಾಲ್ಕು,
ಬಡ್ಡಿ ಹುಟ್ಟುವುದು ಇನ್ನೂರ ಮೂವತ್ತು.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಆದರೆ ಈ ಆನೆ ಬಾಗಿಲು ಬಡಿಯುವುದಿಲ್ಲ,
ಮಂಚ ಎತ್ತಿ ಬೀದಿಗೆಸೆಯುವುದಿಲ್ಲ.
ನನಗೆ ಐವತ್ತೆರಡಾಗುವ ಏಪ್ರಿಲ್ಲಿಗೆ ತಾನಾಗಿ ಸಾಯುತ್ತದಂತೆ.
ಅಲ್ಲಿಯವರೆಗೆ ಒಳಕೋಣೆಯಲ್ಲಿ ಕೂತು
ಕೊಬ್ಬುತ್ತಿರುತ್ತದೆ.

ನನ್ನ ತಮ್ಮ ಕ್ಯಾಲಮ್ ಶಾಲೆ ಬಿಟ್ಟು
ಸ್ಕ್ಯಾಫೋಲ್ಡಿಂಗ್ ಕಟ್ಟಲು ಹೋದ:
ವ್ಯಾನಿನ ಮೇಲೆ ಅವನದೇ ಹೆಸರು, ಸ್ವಂತ ಮನೆ,
ಮೂವತ್ತಕ್ಕೇ ಸವೆದ ಮೊಣಕಾಲು.
ಜೊತೆಗೆ ಓದಿದ ಇಫೋಮಾ ಬ್ಯಾಂಕು ಸೇರಿದಳು,
ನನ್ನ ಎರಡರಷ್ಟು ಗಳಿಸುತ್ತಾಳೆ,
ಬೆಂಜೀನಿಗೆ ಎಷ್ಟು ಮೂಲೆ ಎಂದರೆ ನಗುತ್ತಾಳೆ.
ಪದವೀಧರರ ಸರಾಸರಿ ಸಂಬಳ ಅಂತ ಅಚ್ಚು ಹಾಕುತ್ತಾರಲ್ಲ,
ಅವಳನ್ನೂ ನನ್ನನ್ನೂ ಕೂಡಿಸಿ ಎರಡರಿಂದ ಭಾಗಿಸಿದ ಮನೆ ಅದು.
ಅಲ್ಲಿ ಯಾರೂ ವಾಸವಿಲ್ಲ.

"ತಾತನಿಗೆ ಯಾವ ಕಾಗದವೂ ಇರಲಿಲ್ಲ," ಅಂದಳು.
ಗೊತ್ತು. ಹದಿನಾರಕ್ಕೇ ಅಮೋನಿಯಾ ಕಾರ್ಖಾನೆ,
ಸೋರಿಕೆಯನ್ನು ಮೂಗಿನಲ್ಲೇ ಅಳೆಯುತ್ತಿದ್ದ ವಿಲ್ಫ್.
ಈಗ ಆ ಮೂಗಿಗೂ ಡಿಗ್ರಿ ಕೇಳುತ್ತಾರೆ.

ಬಾ ಇಲ್ಲಿ, ಎಂದೆ.
ಚೀಲದಲ್ಲಿದ್ದ ಸಾಲದ ಪತ್ರ ನಾಲ್ಕು ಮಡಿಕೆ ಮಾಡಿ
ಗಾಜಿನ ಪೆಟ್ಟಿಗೆಯೊಳಗಿನ ತಟ್ಟೆಗಿಟ್ಟೆ.
ಬಾಗಿಲು ಎಳೆ. ಮೇಜಿಗೆ ಒರಗಬೇಡ.
ಅಂಕಿಗಳು ನಡುಗಿ, ನಡುಗಿ, ನಿಂತವು:
4.9871 ಗ್ರಾಂ.
ಸಂಬಳದ ಚೀಟಿ ಅದರ ಅರ್ಧವೂ ಇಲ್ಲ.
ನಕ್ಕಳು. ಪತ್ರ ಕೈಗೆತ್ತಿಕೊಂಡು
ಹಿಂದೆ ಮುಂದೆ ಓದಿ ಮತ್ತೆ ಇಟ್ಟಳು:
4.9874.
"ಈ ಮೂರು ಯಾರದು?"
ನಿನ್ನದು. ನಿನ್ನ ಬೆರಳಿನ ಎಣ್ಣೆ.

ಒಂದನ್ನು ಹೇಳಲಿಲ್ಲ.
ಫೆಬ್ರವರಿಯಲ್ಲಿ, ಹಳೇ ಕೊಳಾಯಿಯ ಒಂದು ಬೀದಿಯಲ್ಲಿ,
ಹನ್ನೊಂದನೇ ಮನೆಯ ಬಾಟಲಿಯಲ್ಲಿ ಸೀಸ ಸಿಕ್ಕಿತು.
ಎರಡು ಸಲ ನೋಡಿದೆ, ಮೂರನೆಯ ಸಲ ನೋಡಿದೆ,
ಫೋನೆತ್ತಿದೆ. ಆ ಕಡೆ ಮಗು ಅಳುತ್ತಿತ್ತು,
ಹಾಲಿನ ಪುಡಿ ಕಲೆಸುತ್ತಿದ್ದಾಳೆ, ಅದೇ ನೀರಿಗೆ.
ಚೆಲ್ಲಿ, ಎಂದೆ. ಈಗಲೇ ಚೆಲ್ಲಿ.
ಆ ತಿಂಗಳೂ ಸಂಬಳ ಅಷ್ಟೇ,
ಕಡಿತ ಇಪ್ಪತ್ತನಾಲ್ಕೇ.
ಇದನ್ನು ಹೇಳಿದ್ದರೆ
ತಕ್ಕಡಿಯ ತಟ್ಟೆಗೆ ನಾನೇ ಬೆರಳಿಟ್ಟಂತೆ.

ಆರಕ್ಕೆ ಅವಳ ಪಾಳಿ. ಜಾಕೆಟ್ಟು ಏರಿಸಿದಳು.
ಅರ್ಜಿಗೆ ಬುಧವಾರ ಕಡೇ ದಿನ,
ಎಲೆಕ್ಟ್ರಿಷಿಯನ್ ತರಬೇತಿಗೂ ಒಂದು ಫಾರಂ ತಂದಿಟ್ಟಿದ್ದಾಳಂತೆ.
ಬಾಗಿಲಲ್ಲಿ ತಿರುಗಿ:
"ಆ ಗುಲಾಬಿ ಬಣ್ಣ, ಹಾಗೇ ಇರುತ್ತಾ?"

ಇಲ್ಲ, ಎಂದೆ. ಗಾಳಿಗೆ ಮಾಸುತ್ತೆ.
ಅರ್ಧ ನಿಮಿಷ ನಿಂತರೆ ಸಾಕು ಅಂತ
ಬರೆದುಕೊಳ್ಳುತ್ತೇವೆ.